ಒಗರು ಗೊತ್ತಿದ್ದರೆ ಅರ್ಧ ವೈನ್ ಗೊತ್ತು: ಹೊಸಬರಿಗೊಂದು ಸಮಗ್ರ ಮಾರ್ಗದರ್ಶಿ

‘ವೈನ್ಸ್’ ಅಂತ ದೊಡ್ಡ ಬೋರ್ಡ್ ಹಾಕಿರುವ ಅಂಗಡಿಗೆ ಹೋಗಿ ನೋಡಿ. ವೈನ್ ಒಂದು ಬಿಟ್ಟು ಉಳಿದದ್ದೆಲ್ಲ ಕಣ್ಣೆದುರಿಗೇ ಇರುತ್ತದೆ. ನಾನು ಮೊದಲ ಸಲ ವೈನ್ ಕೇಳಿದಾಗ ಅಂಗಡಿಯವರು ಸ್ಟೂಲ್ ಹತ್ತಿ, ಮೇಲಿನ ಅಟ್ಟದಿಂದ ಒಂದು ಬಾಟಲಿ ತೆಗೆದು, ಧೂಳು ಒರೆಸಿ ಕೊಟ್ಟರು. ಪೋರ್ಟ್ ಅಂತ ಬರೆದಿತ್ತು. ಕೆಮ್ಮಿನ ಸಿರಪ್ಪಿಗೆ ಇನ್ನಷ್ಟು ಸಕ್ಕರೆ ಹಾಕಿದ ಹಾಗಿತ್ತು. ‘ಇದಕ್ಕಾ ಜನ ಇಷ್ಟೊಂದು ಮಾತಾಡೋದು?’ ಅಂದುಕೊಂಡು ಐದು ವರ್ಷ ಅದರ ತಂಟೆಗೆ ಹೋಗಲಿಲ್ಲ.

ಅಂದ ಹಾಗೆ, ಅಸಲಿ ಪೋರ್ಟ್ ಬರುವುದು ಪೋರ್ಚುಗಲ್ಲಿನ ಡೋರೂ ಕಣಿವೆಯಿಂದ. ರಸ ಇನ್ನೂ ಹುದುಗುತ್ತಿರುವಾಗಲೇ ಅದಕ್ಕೆ ದ್ರಾಕ್ಷಿಯ ಸ್ಪಿರಿಟ್ ಸುರಿದು ಸಿಹಿ ಉಳಿಸಿಕೊಳ್ಳುತ್ತಾರೆ. ನಾನು ಕುಡಿದದ್ದಕ್ಕೂ ಅದಕ್ಕೂ ಹೆಸರಿನ ನಂಟು ಅಷ್ಟೇ.

ಮತ್ತೆ ಶುರು ಮಾಡಿದಾಗ ಕಷ್ಟ ಕೊಟ್ಟದ್ದು ವೈನ್ ಅಲ್ಲ, ಅದರ ಮಾತು. ಇಂಗ್ಲಿಷ್ ಪುಸ್ತಕಗಳು ‘ಟ್ಯಾನಿನ್’ ಬಾಯಲ್ಲಿ ಹೇಗಿರುತ್ತದೆ ಅಂತ ಹೇಳೋದಕ್ಕೆ ಅರ್ಧ ಪುಟ ಒದ್ದಾಡುತ್ತವೆ. ಓದಿ ಓದಿ ಸಾಕಾಗಿ ಒಂದು ದಿನ ಹೊಳೆಯಿತು, ಅಯ್ಯೋ, ಇದು ಒಗರು! ಬಾಳೆಕಾಯಿ ಹೆಚ್ಚುವಾಗ ಬಾಯಿಗೆ ಹಾಕಿಕೊಂಡರೆ ಆಗುವುದು. ನೇರಳೆ ಹಣ್ಣು ತಿಂದಮೇಲೆ ಆಗುವುದು. ಮಲೆನಾಡಿನವರಾದರೆ ಅಡಿಕೆ ಬೇಯಿಸಿದ ಚೊಗರು ನೋಡಿಯೇ ಇರುತ್ತೀರಿ. ಅದರ ತುಂಬ ಇರುವುದು ಈ ಟ್ಯಾನಿನ್ನೇ. ಹುಳಿ, ಒಗರು, ಘಾಟು, ಮುಗ್ಗಲು, ಕಮಟು ಅಂತ ಬಿಡಿಸಿ ಹೇಳುವ ನಾಲಿಗೆಗೆ ವೈನ್ ಕಲಿಯುವುದು ಹೊಸ ವಿದ್ಯೆಯೇನಲ್ಲ. ಹಾಗಾಗಿ ನಾನು ಯಾರಿಗೆ ಕಲಿಸಿದರೂ ಅಡುಗೆಮನೆಯಿಂದಲೇ ಶುರು ಮಾಡುತ್ತೇನೆ.

ಹೆಜ್ಜೆ 1: ಬಾಟಲಿಗಿಂತ ಮೊದಲು ನಿಂಬೆಹಣ್ಣು, ಟೀ ಪುಡಿ

ನಾಲ್ಕು ಲೋಟ ತಗೊಳ್ಳಿ. ಒಂದರಲ್ಲಿ ನೀರಿಗೆ ಅರ್ಧ ನಿಂಬೆಹಣ್ಣು ಹಿಂಡಿ. ಎರಡನೆಯದಕ್ಕೂ ಅಷ್ಟೇ ನಿಂಬೆ, ಜೊತೆಗೆ ಎರಡು ಚಮಚ ಸಕ್ಕರೆ. ಮೂರನೆಯದಕ್ಕೆ ಹಾಲಿಲ್ಲದ ಟೀ. ಪುಡಿಯನ್ನು ಬಿಸಿನೀರಿನಲ್ಲಿ ಹತ್ತು ನಿಮಿಷ ಬಿಟ್ಟು, ಸೋಸಿ, ಪೂರ್ತಿ ಆರಿಸಿ. ನಾಲ್ಕನೆಯದು ಬಾಯಿ ಮುಕ್ಕಳಿಸಲು ಬರೀ ನೀರು.

ಮೊದಲ ಲೋಟದಿಂದ ಒಂದು ಗುಟುಕು ಕುಡಿದು ಸುಮ್ನೆ ಕೂತು ಗಮನಿಸಿ. ದವಡೆಯ ಎರಡೂ ಪಕ್ಕದಿಂದ ಜೊಲ್ಲು ಜಿನುಗುತ್ತದೆ. ಇದು ಹುಳಿ. ಜೊಲ್ಲು ಎಷ್ಟು ಜಾಸ್ತಿ ಬರುತ್ತದೋ ಹುಳಿ ಅಷ್ಟು ಜಾಸ್ತಿ. ಈಗ ಸಕ್ಕರೆ ಹಾಕಿದ ಲೋಟ. ಹುಳಿ ಕಡಿಮೆ ಅನಿಸುತ್ತದೆ, ಆದರೆ ನುಂಗಿದ ಮೇಲೆ ಜೊಲ್ಲು ಬರುವುದು ನಿಲ್ಲುವುದಿಲ್ಲ. ಅಂದರೆ ಹುಳಿ ಎಲ್ಲೂ ಹೋಗಿಲ್ಲ. ಸಕ್ಕರೆಯ ಹಿಂದೆ ಅಡಗಿ ಕೂತಿದೆ.

ಬಾಯಿ ಮುಕ್ಕಳಿಸಿ, ಟೀ ಕುಡಿಯಿರಿ. ಈಗ ತದ್ವಿರುದ್ಧ. ಬಾಯಿ ಒಣಗುತ್ತದೆ. ನಾಲಿಗೆಯನ್ನು ವಸಡಿಗೆ ಉಜ್ಜಿದರೆ ಮರಳು ಕಾಗದದ ಹಾಗೆ ದೊರಗು. ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಜೊಲ್ಲಿನ ಜಾರು ಗುಣ ಹೋಗುತ್ತದೆ. ಕಹಿಯನ್ನು ಒಗರು ಅಂದುಕೊಳ್ಳಬೇಡಿ. ಕಹಿ ರುಚಿ, ನಾಲಿಗೆಗೆ ಸೇರಿದ್ದು. ಒಗರು ಮುಟ್ಟಿದ ಹಾಗೆ, ಕೆನ್ನೆಯ ಒಳಗೂ ತಿಳಿಯುತ್ತದೆ.

ಇನ್ನೊಂದು ಆಟ. ಮೂಗು ಗಟ್ಟಿಯಾಗಿ ಹಿಡಿದುಕೊಂಡು, ಏಲಕ್ಕಿ ಹಾಕಿದ ಬರ್ಫಿಯ ಒಂದು ಚೂರು ಅಗಿಯಿರಿ. ಬರೀ ಸಿಹಿ. ಮೂಗು ಬಿಟ್ಟ ಕ್ಷಣ ಏಲಕ್ಕಿ ನುಗ್ಗಿ ಬರುತ್ತದೆ. ನಾವು ರುಚಿ ಅನ್ನುವುದರಲ್ಲಿ ಬಹುಪಾಲು ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆ. ವೈನಿನಲ್ಲಂತೂ ಇದೇ ಮುಖ್ಯ.

ಹೆಜ್ಜೆ 2: ಬಾಟಲಿಯೊಳಗೆ ಏನಾಗಿದೆ?

ರಾತ್ರಿ ರುಬ್ಬಿಟ್ಟ ದೋಸೆ ಹಿಟ್ಟು ಬೆಳಗ್ಗೆ ಉಕ್ಕಿರುತ್ತದಲ್ಲ, ಅದೇ ಜಾತಿಯ ಕೆಲಸ. ದ್ರಾಕ್ಷಿ ರಸದ ಸಕ್ಕರೆಯನ್ನು ಯೀಸ್ಟ್ ತಿಂದು ಆಲ್ಕೋಹಾಲ್ ಮಾಡುತ್ತದೆ, ಗ್ಯಾಸ್ ಹೊರಗೆ ಬಿಡುತ್ತದೆ. ಸಕ್ಕರೆ ಪೂರ್ತಿ ಖಾಲಿಯಾದರೆ ಅದು ಡ್ರೈ ವೈನ್. ಕೆಂಪು ವೈನಿನ ಬಣ್ಣ, ಒಗರು ಎರಡೂ ಮುಖ್ಯವಾಗಿ ಸಿಪ್ಪೆಯಿಂದ ಬರುತ್ತವೆ. ಸಿಪ್ಪೆ, ಬೀಜದ ಜೊತೆಗೇ ರಸ ಹುದುಗಿದರೆ ಕೆಂಪು. ಸಿಪ್ಪೆ ಬೇರ್ಪಡಿಸಿ ಬರೀ ರಸ ಹುದುಗಿಸಿದರೆ ಬಿಳಿ. ಓಕ್ ಮರದ ಪೀಪಾಯಿಯಲ್ಲಿ ಇಟ್ಟರೆ ವೆನಿಲಾ, ಲವಂಗದ ಘಮ ಸೇರಿಕೊಳ್ಳುತ್ತದೆ. ಶುರುವಿಗೆ ಇಷ್ಟು ಸಾಕು.

ಹೆಜ್ಜೆ 3: ಮೊದಲ ಮೂರು ಬಾಟಲಿ

ದುಬಾರಿ ಬಾಟಲಿಯಿಂದ ಶುರು ಮಾಡಬೇಡಿ. ಹೋಲಿಸಲು ಇನ್ನೊಂದು ಗೊತ್ತಿಲ್ಲದಾಗ ದುಬಾರಿಯದ್ದು ಯಾಕೆ ಚೆನ್ನಾಗಿದೆ ಅಂತ ತಿಳಿಯುವುದೇ ಇಲ್ಲ. ಸಾವಿರ ರೂಪಾಯಿ ಆಸುಪಾಸಿನ, ನಮ್ಮ ದೇಶದ್ದೇ ಮೂರು ಬಾಟಲಿ ಸಾಕು. ಬಿಳಿಯಲ್ಲಿ ಒಂದು ಸೊವಿನ್ಯೋ ಬ್ಲಾಂಕ್, ಕೆಂಪಿನಲ್ಲಿ ಒಂದು ಶಿರಾಜ್, ಒಂದು ಕ್ಯಾಬರ್ನೆ ಸೊವಿನ್ಯೋ. ಮೂರೂ ದ್ರಾಕ್ಷಿ ತಳಿಗಳ ಹೆಸರು. ಒಂದೇ ಕಂಪನಿಯದ್ದಾದರೆ ಇನ್ನೂ ಒಳ್ಳೆಯದು. ಆಗ ನಿಮಗೆ ಕಾಣುವ ವ್ಯತ್ಯಾಸದಲ್ಲಿ ಹೆಚ್ಚಿನದು ದ್ರಾಕ್ಷಿಯದ್ದೇ. ಮನೆಯಲ್ಲಿ ಹುಳಿ ಆಗದವರಿದ್ದರೆ ಸೊವಿನ್ಯೋ ಬ್ಲಾಂಕ್ ಬದಲು ಶೆನಿನ್ ಬ್ಲಾಂಕ್ ತಗೊಳ್ಳಿ. ನಮ್ಮಲ್ಲಿ ಸಿಗುವ ಶೆನಿನ್‌ಗಳಲ್ಲಿ ಕೆಲವಕ್ಕೆ ತುಸು ಸಿಹಿ ಇರುತ್ತದೆ.

ಲೇಬಲ್ಲಿನಲ್ಲಿ ದ್ರಾಕ್ಷಿಯ ಹೆಸರು, ಊರು, ವರ್ಷ, ಆಲ್ಕೋಹಾಲ್ ನೋಡಿ. ಸಾಮಾನ್ಯವಾಗಿ 12ರಿಂದ 14 ಪ್ರತಿಶತ ಇರುತ್ತದೆ. ವರ್ಷ ಅಂದರೆ ದ್ರಾಕ್ಷಿ ಕೊಯ್ದ ವರ್ಷ. ಹಳೆಯದಾದಷ್ಟೂ ಒಳ್ಳೆಯದು ಅನ್ನುವ ಮಾತು ಈ ಬೆಲೆಯ ಬಾಟಲಿಗೆ ಹೊಂದುವುದಿಲ್ಲ. ಬಿಳಿಯಾದರೆ ಸಿಕ್ಕಿದ್ದರಲ್ಲಿ ಹೊಸದನ್ನೇ ಕೇಳಿ. ಫ್ರಾನ್ಸಿನ ಬಾಟಲಿಗಳಲ್ಲಿ ದ್ರಾಕ್ಷಿಯ ಬದಲು ಊರಿನ ಹೆಸರೇ ಜಾಸ್ತಿ. ಶಾಬ್ಲಿ ಅಂದರೆ ಶಾರ್ಡೊನೇ, ಸಾನ್ಸೇರ್ ಬಿಳಿ ಅಂದರೆ ಸೊವಿನ್ಯೋ ಬ್ಲಾಂಕ್. ಬ್ಯಾಡಗಿ ಅಂದರೆ ಸಾಕು, ಮೆಣಸಿನಕಾಯಿ ಅಂತ ಬೇರೆ ಹೇಳಬೇಕಾ? ಹಾಗೆ.

ಅಂಗಡಿಯನ್ನೂ ನೋಡಿ. ಬಿಸಿಲು ಬೀಳುವ ಶೋಕೇಸಿನಲ್ಲಿ ನಿಂತ ಬಾಟಲಿ ಬೇಡವೇ ಬೇಡ. ಸೆಕೆಗೆ ವೈನ್ ಬೆಂದು ಹೋಗುತ್ತದೆ. ತಿರುಪು ಮುಚ್ಚಳ ಕಂಡರೆ ಅಗ್ಗದ್ದು ಅಂತ ಮೂಗು ಮುರಿಯಬೇಡಿ. ಬೇಗ ಕುಡಿಯುವ ವೈನಿಗೆ ಅದೇ ವಾಸಿ, ಬಿರಡೆಯ ಕಾಟ ಇರುವುದಿಲ್ಲ. ಕರ್ನಾಟಕದಲ್ಲಿ ಕೊಳ್ಳಲು ನಿಮಗೆ 21 ವರ್ಷ ಆಗಿರಬೇಕು.

ಹೆಜ್ಜೆ 4: ಲೋಟ ಮತ್ತು ತಂಪು

ಸ್ಟೀಲ್ ಲೋಟ ಕಾಫಿಗಿರಲಿ. ಹೊಟ್ಟೆ ಅಗಲ, ಬಾಯಿ ಕಿರಿದಾದ ಗಾಜಿನ ಗ್ಲಾಸ್ ಬೇಕು. ಘಮ ಒಳಗೇ ನಿಲ್ಲಬೇಕಲ್ಲ. ಒಂದೇ ಬಗೆಯದ್ದು ಸಾಕು, ಕೆಂಪಿಗೊಂದು ಬಿಳಿಗೊಂದು ಅಂತ ಸೆಟ್ ಕೊಳ್ಳುವ ಅಗತ್ಯ ಇಲ್ಲ. ಕುಡಿಯುವ ಮೊದಲು ಖಾಲಿ ಗ್ಲಾಸನ್ನು ಮೂಸಿ. ಪಾತ್ರೆ ಸೋಪಿನ ನಿಂಬೆ ವಾಸನೆ ಬಂದರೆ ಬರೀ ನೀರಿನಲ್ಲಿ ಮತ್ತೆ ತೊಳೆಯಿರಿ. ನಾನೊಮ್ಮೆ ‘ಆಹಾ, ನಿಂಬೆಯ ಘಮ’ ಅಂತ ಬರೆದುಕೊಂಡಿದ್ದು ಸೋಪಿನದ್ದು.

ತಂಪಿನ ವಿಷಯದಲ್ಲಿ ನಮ್ಮಲ್ಲಿ ಜಾಸ್ತಿ ತಪ್ಪುವುದು ಕೆಂಪು ವೈನ್. ‘ಕೋಣೆಯ ಉಷ್ಣತೆಯಲ್ಲಿ ಕುಡಿಯಿರಿ’ ಅಂತ ಬರೆದವರ ಕೋಣೆ ಯುರೋಪಿನದ್ದು. ಕೆಂಪಿಗೆ 16ರಿಂದ 18 ಡಿಗ್ರಿ ಸರಿ. ಕಲಬುರಗಿಯ ಏಪ್ರಿಲ್ ಬಿಡಿ, ಬೆಂಗಳೂರಿನ ಏಪ್ರಿಲ್ಲಿನಲ್ಲೂ ಮನೆಯೊಳಗೆ 30 ಇರುತ್ತದೆ. ಅಷ್ಟು ಬೆಚ್ಚಗಿದ್ದರೆ ಆಲ್ಕೋಹಾಲಿನ ಘಾಟು ಮೂಗಿಗೆ ಹೊಡೆದು ಉಳಿದದ್ದೆಲ್ಲ ಮುಚ್ಚಿಹೋಗುತ್ತದೆ. ಅರ್ಧ ಗಂಟೆ ಫ್ರಿಜ್ಜಿನಲ್ಲಿಡಿ. ಬಿಳಿಗೆ 8ರಿಂದ 12 ಡಿಗ್ರಿ. ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಹೊರಗಿಡಿ, ತೀರಾ ತಣ್ಣಗಿದ್ದರೆ ಘಮ ಏಳುವುದಿಲ್ಲ.

ಹೆಜ್ಜೆ 5: ಶಿರಾಜ್ ಜೊತೆ ಹತ್ತು ನಿಮಿಷ

ಗ್ಲಾಸಿಗೆ ಎರಡು ಬೆರಳಿನಷ್ಟು ಮಾತ್ರ ಹಾಕಿ. ಕೆಳಗೆ ಬಿಳಿ ಪಂಚೆಯೋ ಕಾಗದವೋ ಇಟ್ಟು ಗ್ಲಾಸನ್ನು ಓರೆ ಮಾಡಿ. ಎಳೆಯ ಶಿರಾಜ್ ನೇರಳೆ ಹಣ್ಣಿನ ರಸದ ಬಣ್ಣ. ವಯಸ್ಸಾದ ಹಾಗೆ ಕೆಂಪು ವೈನ್ ಅಂಚಿನಲ್ಲಿ ಇಟ್ಟಿಗೆ ಬಣ್ಣಕ್ಕೆ ತಿರುಗಿ ತೆಳುವಾಗುತ್ತದೆ. ಬಿಳಿ ಮಾತ್ರ ಉಲ್ಟಾ, ವಯಸ್ಸಾದಷ್ಟೂ ಬಣ್ಣ ಗಾಢ. ಗ್ಲಾಸಿನ ಗೋಡೆಯ ಮೇಲೆ ಕಣ್ಣೀರಿನ ಹಾಗೆ ಇಳಿಯುವ ಗೆರೆಗಳನ್ನು ತೋರಿಸಿ ‘ನೋಡಿ, ಎಂಥಾ ಕ್ವಾಲಿಟಿ’ ಅನ್ನುವವರು ಸಿಗುತ್ತಾರೆ. ಆ ಗೆರೆ ಹೇಳುವುದು ಮುಖ್ಯವಾಗಿ ಆಲ್ಕೋಹಾಲಿನ ಕತೆ, ಗುಣಮಟ್ಟದ್ದಲ್ಲ.

ಗ್ಲಾಸ್ ಅಲುಗಾಡಿಸದೆ ಒಮ್ಮೆ ಮೂಸಿ. ಆಮೇಲೆ ಮೇಜಿನ ಮೇಲೇ ಇಟ್ಟು ಗುಂಡಗೆ ತಿರುಗಿಸಿ. ಕೈಯಲ್ಲಿ ಹಿಡಿದು ತಿರುಗಿಸಲು ಹೋದರೆ ಮೊದಲ ವಾರದಲ್ಲಿ ಒಂದು ಅಂಗಿ ಹಾಳಾಗುವುದು ಗ್ಯಾರಂಟಿ. ಈಗ ಮತ್ತೆ ಮೂಸಿ. ಘಮ ದುಪ್ಪಟ್ಟಾಗಿರುತ್ತದೆ. ಉದ್ದ ಉಸಿರು ಬೇಡ, ಚಿಕ್ಕ ಚಿಕ್ಕದಾಗಿ ಎರಡು ಮೂರು ಸಲ. ಮೂಗು ಬೇಗ ದಣಿಯುತ್ತದೆ. ದಣಿದಾಗ ನಿಮ್ಮದೇ ಅಂಗಿಯ ತೋಳನ್ನು ಮೂಸಿ, ಸರಿಹೋಗುತ್ತದೆ.

ಶಿರಾಜಿನಲ್ಲಿ ಮೊದಲು ಕಪ್ಪು ಹಣ್ಣಿನ ಘಮ ಬರುತ್ತದೆ. ಅದರ ಹಿಂದೆ ಕಾಳುಮೆಣಸು ಇದೆಯಾ ನೋಡಿ. ಅಡುಗೆಮನೆಯಿಂದ ನಾಲ್ಕು ಕಾಳು ತಂದು ಕುಟ್ಟಿ ಪಕ್ಕದಲ್ಲಿಟ್ಟುಕೊಳ್ಳಿ. ಒಮ್ಮೆ ಅದನ್ನು, ಒಮ್ಮೆ ಗ್ಲಾಸನ್ನು ಮೂಸಿ. ಇದು ಕವಿಗಳ ಕಲ್ಪನೆ ಅಲ್ಲ. ಶಿರಾಜಿಗೆ ಆ ಘಮ ಕೊಡುವುದು ರೋಟಂಡೋನ್ ಅನ್ನುವ ವಸ್ತು ಅಂತ ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ತೋರಿಸಿಕೊಟ್ಟರು. ಕಾಳುಮೆಣಸಿನಲ್ಲಿ ಇರುವುದೂ ಅದೇ. ಶಿರಸಿಯ ಮೆಣಸಿನ ಬಳ್ಳಿಗೂ ದ್ರಾಕ್ಷಿ ಬಳ್ಳಿಗೂ ಒಂದೇ ಘಮ! ಅವರ ಪರೀಕ್ಷೆಯಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಆ ವಾಸನೆ ಎಷ್ಟು ಹಾಕಿದರೂ ತಿಳಿಯಲೇ ಇಲ್ಲ. ನಿಮಗೆ ಬರದಿದ್ದರೆ ಬೇಜಾರು ಬೇಡ. ಎಲ್ಲಾ ಬಾಟಲಿಯಲ್ಲೂ ಅದು ಎದ್ದು ಕಾಣುವುದೂ ಇಲ್ಲ.

ಈಗ ಕುಡಿಯಿರಿ. ಔಷಧಿಯ ಹಾಗೆ ನುಂಗಬೇಡಿ. ಬಾಯಲ್ಲಿ ಐದು ಸೆಕೆಂಡ್ ಓಡಾಡಿಸಿ, ನುಂಗಿ, ಮೂಗಿನಿಂದ ಉಸಿರು ಬಿಡಿ. ಏಲಕ್ಕಿ ಬರ್ಫಿಯ ಆಟ ನೆನಪಿದೆ ಅಲ್ವಾ? ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಜೊಲ್ಲು ಎಷ್ಟು ಬಂತು? ವಸಡು ಎಷ್ಟು ದೊರಗಾಯಿತು? ಗಂಟಲು ಎಷ್ಟು ಬೆಚ್ಚಗಾಯಿತು? ರುಚಿ ಎಷ್ಟು ಹೊತ್ತು ಉಳಿಯಿತು? ಕೊನೆಯದಕ್ಕೆ ಮನಸ್ಸಿನಲ್ಲೇ ಎಣಿಸಿ. ಮೂರಕ್ಕೇ ಮಾಯವಾದರೆ ಸಾಧಾರಣ, ಹತ್ತು ದಾಟಿದರೆ ಒಳ್ಳೆಯ ವೈನ್. ನನ್ನ ಲೆಕ್ಕದಲ್ಲಿ ಬೆಲೆಗಿಂತ ಇದು ನಂಬಿಕಸ್ತ ಗುರುತು.

ಇಲ್ಲಿ ಎಲ್ಲರೂ ಎಡವುವ ಒಂದು ಜಾಗ ಇದೆ. ಹಣ್ಣಿನ ಘಮ ಬಂತು ಅಂದ ತಕ್ಷಣ ಸಿಹಿ ಅಂದುಬಿಡುತ್ತೇವೆ. ಮೂಗು ಮುಚ್ಚಿಕೊಂಡು ಒಂದು ಗುಟುಕು ಕುಡಿದು ನೋಡಿ. ಸಿಹಿ ಉಳಿಯದಿದ್ದರೆ ಅದು ಡ್ರೈ ವೈನೇ.

ಹೆಜ್ಜೆ 6: ನಿಮ್ಮ ಪದ ನಿಮ್ಮದು

ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿರುವ ವಿಶ್ವವಿದ್ಯಾಲಯದ ಆನ್ ನೋಬಲ್ 1984ರಲ್ಲಿ ಒಂದು ಪರಿಮಳ ಚಕ್ರ ಪ್ರಕಟಿಸಿದರು. ವೈನಿನ ವಾಸನೆಗಳನ್ನೆಲ್ಲ ಒಂದು ಚಕ್ರದಲ್ಲಿ ಜೋಡಿಸಿಟ್ಟ ಪಟ್ಟಿ ಅದು. ಬಹಳ ಉಪಯೋಗದ್ದೇ. ಆದರೆ ಬ್ಲ್ಯಾಕ್‌ಕರಂಟ್ ಅನ್ನು ನಾವು ಎಲ್ಲಿ ಮೂಸಿದ್ದೇವೆ? ಸುಮ್ನೆ ಬೇರೆಯವರ ನೆನಪನ್ನು ಬಾಯಿಪಾಠ ಮಾಡಿದ ಹಾಗಾಗುತ್ತದೆ.

ಒಂದು ನೋಟ್‌ಬುಕ್ ಇಟ್ಟು ನಿಮ್ಮ ಮಾತಿನಲ್ಲೇ ಬರೆಯಿರಿ. ನನ್ನದರಲ್ಲಿ ಸೊವಿನ್ಯೋ ಬ್ಲಾಂಕ್ ಎದುರಿಗೆ ‘ದೋರೆಗಾಯಿ ಸೀಬೆ, ಈಗಷ್ಟೇ ಕೊಯ್ದ ಹುಲ್ಲು, ಹೆಚ್ಚಿದ ದೊಣ್ಣೆಮೆಣಸಿನಕಾಯಿ’ ಅಂತಿದೆ. ಕ್ಯಾಬರ್ನೆ ಎದುರಿಗೆ ‘ನೇರಳೆ, ಅಜ್ಜನ ಮರದ ಪೆಟ್ಟಿಗೆ, ಮತ್ತೆ ಅದೇ ದೊಣ್ಣೆಮೆಣಸಿನಕಾಯಿ!’ ಅಂತ ಬರೆದು ಪ್ರಶ್ನೆ ಚಿಹ್ನೆ ಹಾಕಿದ್ದೆ. ಬಿಳಿಯಲ್ಲಿದ್ದ ವಾಸನೆ ಕೆಂಪಿನಲ್ಲಿ ಹೇಗೆ ಅಂತ. ಆಮೇಲೆ ತಿಳಿಯಿತು, ಕ್ಯಾಬರ್ನೆ ಸೊವಿನ್ಯೋ ಹುಟ್ಟಿದ್ದೇ ಕ್ಯಾಬರ್ನೆ ಫ್ರಾಂಕ್ ಮತ್ತು ಸೊವಿನ್ಯೋ ಬ್ಲಾಂಕ್ ಬೆರೆತು. ಡಿಎನ್ಎ ಪರೀಕ್ಷೆಯಿಂದ 1990ರ ದಶಕದಲ್ಲಿ ಇದು ಖಚಿತವಾಯಿತು. ದೊಣ್ಣೆಮೆಣಸಿನಕಾಯಿ ಆ ಮನೆತನದ ಮೂಗು ಇದ್ದ ಹಾಗೆ, ಅಪ್ಪನಿಂದ ಮಗನಿಗೆ ಬಂದಿದೆ.

ಕೆಟ್ಟ ವಾಸನೆಗಳಿಗೂ ಪದ ಇಟ್ಟುಕೊಳ್ಳಿ. ವೈನ್ ಕಲಿಯುವ ಮೊದಲು ಒಂದು ದೊಡ್ಡ ಹೋಟೆಲಿನಲ್ಲಿ, ಆಫೀಸಿನವರ ಜೊತೆ, ದುಬಾರಿ ಕೆಂಪು ವೈನ್ ಕುಡಿದಿದ್ದೆ. ಮಳೆಗಾಲದಲ್ಲಿ ಒಣಗದ ಗೋಣಿಚೀಲದ ಹಾಗೆ ಮುಗ್ಗಲು ಹೊಡೆಯುತ್ತಿತ್ತು. ದುಬಾರಿಯದ್ದು ಹೀಗೇ ಇರಬೇಕು ಅಂತ ಬಾಯಿ ಮುಚ್ಚಿಕೊಂಡು ಕುಡಿದೆ. ಈಗ ಗೊತ್ತು, ಅದು ಬಿರಡೆಯಿಂದ ಬಂದ ಟಿಸಿಎ ಅನ್ನುವ ದೋಷ. ಬಾಟಲಿ ವಾಪಸ್ ಕೊಟ್ಟರೆ ಯಾರೂ ತಪ್ಪು ತಿಳಿಯುವುದಿಲ್ಲ. ವೇಟರ್ ಮೊದಲು ಚೂರೇ ಚೂರು ಹಾಕಿ ಕಾಯುವುದೂ ಇದಕ್ಕೇ, ನಿಮಗೆ ಇಷ್ಟವಾಯಿತಾ ಅಂತ ಕೇಳೋದಕ್ಕಲ್ಲ. ವಿನೆಗರ್ ಘಾಟು ಹೊಡೆದರೂ ವಾಪಸ್ ಕೊಡಬಹುದು.

ಹೆಜ್ಜೆ 7: ಪೇಪರ್ ಸುತ್ತಿ ಕುಡಿಯಿರಿ

2001ರಲ್ಲಿ ಫ್ರಾನ್ಸಿನ ಬೋರ್ಡೋದ ಒಂದು ಸಂಶೋಧನೆ ಪ್ರಕಟವಾಯಿತು. ವೈನ್ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟರು. ಅವರು ಅದನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲೇ ವರ್ಣಿಸಿದರು. ಮೂಗಿಗಿಂತ ಕಣ್ಣು ಮುಂದೆ ಓಡುತ್ತದೆ.

ಹಾಗಾಗಿ ನಾಲ್ಕು ಸ್ನೇಹಿತರು ಸೇರಿ, ಪ್ರತಿಯೊಬ್ಬರೂ ಒಂದೊಂದು ಶಿರಾಜ್ ತನ್ನಿ. ಬಾಟಲಿಗೆ ದಿನಪತ್ರಿಕೆ ಸುತ್ತಿ ನಂಬರ್ ಹಾಕಿ. ಬರೆದಾದ ಮೇಲೆ ಬಿಚ್ಚಿ. ಒಂದು ಬಾಟಲಿ 750 ಎಂಎಲ್, ಅದರಲ್ಲಿ ಎಲ್ಲರಿಗೂ ರುಚಿ ನೋಡುವಷ್ಟು ಹಾಕಿದರೂ ಬೇಕಾದಷ್ಟು ಉಳಿಯುತ್ತದೆ. ವೃತ್ತಿಯವರು ಉಗುಳುತ್ತಾರೆ. ನೀವೂ ಒಂದು ಪಾತ್ರೆ ಇಟ್ಟುಕೊಳ್ಳಿ, ನಾಚಿಕೆ ಬೇಡ. ನಾಲ್ಕನೇ ಗ್ಲಾಸಿನ ಹೊತ್ತಿಗೆ ಎಲ್ಲವೂ ಚೆನ್ನಾಗಿ ಕಾಣೋದಕ್ಕೆ ಶುರುವಾದರೆ ಕಲಿಕೆ ಮುಗಿಯಿತು ಅಂತ. ಹೃದಯಕ್ಕೆ ಒಳ್ಳೆಯದು ಅಂತ ನೆಪ ಹೇಳಿಕೊಂಡು ಕುಡಿಯುವುದೂ ಬೇಡ. ಮದ್ಯದಲ್ಲಿ ಇಷ್ಟು ಸುರಕ್ಷಿತ ಅನ್ನುವ ಪ್ರಮಾಣವೇ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿಯಾಗಿದೆ. ರುಚಿಗಾಗಿ ಕುಡಿಯಿರಿ, ಕಡಿಮೆ ಕುಡಿಯಿರಿ, ಕುಡಿದು ಗಾಡಿ ಹತ್ತಬೇಡಿ.

ಹೆಜ್ಜೆ 8: ನಮ್ಮ ಊಟದ ಜೊತೆ

‘ಮೀನಿಗೆ ಬಿಳಿ, ಮಾಂಸಕ್ಕೆ ಕೆಂಪು’ ಅನ್ನುವುದು ಖಾರ ತಿನ್ನದವರ ಸೂತ್ರ. ನಮ್ಮಲ್ಲಿ ನೋಡಬೇಕಾದ್ದು ಮಸಾಲೆ. ಖಾರವನ್ನು ಆಲ್ಕೋಹಾಲ್ ಇನ್ನಷ್ಟು ಏರಿಸುತ್ತದೆ, ಒಗರು ಅದರ ಜೊತೆ ಕಹಿಯಾಗುತ್ತದೆ. ಗುಂಟೂರು ಮೆಣಸಿನಕಾಯಿಯ ಕೋಳಿ ಸಾರಿಗೆ ಗಡುಸು ಕ್ಯಾಬರ್ನೆ ಇಟ್ಟು ನೋಡಿದ್ದೇನೆ, ಎರಡೂ ಕೆಟ್ಟವು. ಅಂಥ ಕಡೆ ತಣ್ಣಗಿನ, ತುಸು ಸಿಹಿಯ ಶೆನಿನ್ ಒಳ್ಳೆಯದು.

ಎರಡನೆಯದು ಹುಳಿ. ಊಟದ ಹುಳಿಗಿಂತ ವೈನಿನ ಹುಳಿ ಕಡಿಮೆ ಇದ್ದರೆ ವೈನ್ ಸಪ್ಪೆಯಾಗುತ್ತದೆ. ತಿಳಿಸಾರು, ಗೊಜ್ಜಿನ ಮುಂದೆ ಹೆಚ್ಚಿನ ವೈನ್‌ಗಳು ಸೋಲುತ್ತವೆ. ಸೋಲಲಿ ಬಿಡಿ, ಎಲ್ಲದಕ್ಕೂ ವೈನ್ ಬೇಕು ಅಂತ ಯಾರು ಹೇಳಿದರು? ಮಂಗಳೂರಿನ ರವೆ ಫ್ರೈ ಮೀನಿಗೆ ನಿಂಬೆ ಹಿಂಡುವ ಜಾಗದಲ್ಲಿ ಸೊವಿನ್ಯೋ ಬ್ಲಾಂಕ್ ಕೂತುಕೊಳ್ಳುತ್ತದೆ. ಕೊಡಗಿನ ಪಂದಿ ಕರಿಗೆ ಶಿರಾಜ್ ನನ್ನ ಮೆಚ್ಚಿನ ಜೋಡಿ. ಕಾಳುಮೆಣಸು ಎರಡೂ ಕಡೆ ಇದೆ, ಕೊಬ್ಬು ಒಗರನ್ನು ಮೆತ್ತಗೆ ಮಾಡುತ್ತದೆ. ಅದಕ್ಕೆ ಹಾಕುವ ಕಪ್ಪು ಹುಳಿ, ಕಾಚಂಪುಳಿ, ಮಾತ್ರ ಜಾಸ್ತಿಯಾಗಬಾರದು. ಇನ್ನು ಚಕ್ಕುಲಿ, ಕೋಡುಬಳೆ ಜೊತೆ ಗುಳ್ಳೆ ವೈನ್! ಉಪ್ಪು, ಎಣ್ಣೆ, ಕುರುಕಲು, ಅದಕ್ಕೆ ಹುಳಿ ಮತ್ತು ಗುಳ್ಳೆ. ಒಮ್ಮೆ ಮಾಡಿ ನೋಡಿ. ಒಬ್ಬಟ್ಟಿನ ಜೊತೆ ಡ್ರೈ ವೈನ್ ಬೇಡ, ಬರೀ ಹುಳಿ ಉಳಿಯುತ್ತದೆ.

ಹೆಜ್ಜೆ 9: ತೋಟ ನೋಡಿ ಬನ್ನಿ

ಬೆಂಗಳೂರಿನ ಸುತ್ತ ಇರುವವರಿಗೆ ಇದು ಸುಲಭ. ಕನ್ವಲ್ ಗ್ರೋವರ್ 1988ರಲ್ಲಿ ಶುರು ಮಾಡಿದ ಗ್ರೋವರ್ ತೋಟ ನಂದಿ ಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದ ಹತ್ತಿರ ಇದೆ. ಈಗ ಗ್ರೋವರ್ ಜಂಪಾ ಅನ್ನುತ್ತಾರೆ. ಹಂಪಿಯ ಕಡೆ ಕೃಷ್ಮಾ ಎಸ್ಟೇಟ್ಸ್ ಇದೆ. ಹೋಗುವುದಾದರೆ ಫೆಬ್ರವರಿ, ಮಾರ್ಚ್‌ನಲ್ಲಿ ಹೋಗಿ, ಕೊಯ್ಲಿನ ಸಮಯ. ಮೊದಲೇ ಫೋನ್ ಮಾಡಿ.

ಯುರೋಪಿನಲ್ಲಿ ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ, ಕೊಯ್ಲು ಆಗಸ್ಟಿನಿಂದ ಅಕ್ಟೋಬರ್. ನಮ್ಮಲ್ಲಿ ಬಳ್ಳಿಗೆ ನಿದ್ದೆಯೇ ಇಲ್ಲ. ಹಾಗಾಗಿ ವರ್ಷಕ್ಕೆ ಎರಡು ಸಲ ಸವರುತ್ತಾರೆ. ವಿಜಯಪುರದ ರೈತರನ್ನು ಕೇಳಿ, ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ ಅಂತ ಪಟಪಟ ಹೇಳುತ್ತಾರೆ. ಚಾಟ್ನಿ ಅಂದರೆ ಬಳ್ಳಿ ಸವರುವುದು. ಮಳೆ ತಪ್ಪಿಸಿ ಒಣ ಹವೆಯಲ್ಲಿ ಹಣ್ಣು ಮಾಗಿಸುವ ಉಪಾಯ ಇದು. ರಾತ್ರಿಯ ತಂಪು ಹಣ್ಣಿನ ಹುಳಿ ಉಳಿಸುತ್ತದೆ, ಅದಕ್ಕೇ ನಂದಿ ತಪ್ಪಲಿನಂಥ ಎತ್ತರದ ಜಾಗ ಬೇಕು.

ತೋಟದಲ್ಲಿ ಬಿಟ್ಟರೆ ಒಂದು ಶಿರಾಜ್ ಹಣ್ಣು ಬಾಯಿಗೆ ಹಾಕಿಕೊಳ್ಳಿ. ಸಣ್ಣದು, ಸಿಪ್ಪೆ ದಪ್ಪ, ಬೀಜ ಜಾಸ್ತಿ, ಭಾರಿ ಸಿಹಿ. ಸಿಪ್ಪೆ ಅಗಿದರೆ ಒಗರು. ವಾಪಸ್ ಬರುವಾಗ ರಸ್ತೆ ಬದಿಯಲ್ಲಿ ಬೆಂಗಳೂರು ಬ್ಲೂ ಸಿಕ್ಕರೆ ಕೊಳ್ಳಿ. ಚಿಕ್ಕಬಳ್ಳಾಪುರ, ಕೋಲಾರ, ಬೆಂಗಳೂರು ಗ್ರಾಮಾಂತರದ ಈ ಹಣ್ಣಿಗೆ 2013ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಹಿಸುಕಿದರೆ ತಿರುಳು ಜಾರಿ ಬಾಯಿಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಆ ಗಮ್ಮೆನ್ನುವ ವಾಸನೆ ಮೂಸಿದರೆ ನನ್ನ ಧೂಳು ಹಿಡಿದ ಪೋರ್ಟ್ ಬಾಟಲಿಯ ವಾಸನೆ ಏನು ಅಂತ ನಿಮಗೂ ತಿಳಿಯುತ್ತದೆ. ಇಲ್ಲಿನ ಸಿಹಿ ವೈನ್‌ಗಳಿಗೆ ಹೆಚ್ಚಾಗಿ ಬಳಸುವುದು ಇದೇ ಹಣ್ಣು.

ಹೆಜ್ಜೆ 10: ಉಳಿದ ಬಾಟಲಿ

ಒಂದೇ ರಾತ್ರಿ ಮುಗಿಸಬೇಕಾಗಿಲ್ಲ. ಮುಚ್ಚಳ ಬಿಗಿದು ಫ್ರಿಜ್ಜಿನಲ್ಲಿಡಿ, ಕೆಂಪನ್ನೂ. ಮೂರು ದಿನ ಚೆನ್ನಾಗಿಯೇ ಇರುತ್ತದೆ. ದಿನಾ ಒಂದು ಗುಟುಕು ರುಚಿ ನೋಡಿ ಬರೆದಿಡಿ. ಮೊದಲ ದಿನ ಗಡುಸಾಗಿದ್ದ ಕ್ಯಾಬರ್ನೆ ಎರಡನೇ ದಿನ ಮೆತ್ತಗಾಗಿರುತ್ತದೆ, ನಾಲ್ಕನೇ ದಿನ ಹಣ್ಣಿನ ಘಮ ಹೋಗಿ ಚಪ್ಪೆ. ಗಾಳಿ ಏನು ಮಾಡುತ್ತದೆ ಅಂತ ಯಾವ ಪುಸ್ತಕವೂ ಇಷ್ಟು ಚೆನ್ನಾಗಿ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಬಾಟಲಿಯ ಜಾಗ ದೋಸೆ ಹಿಟ್ಟಿನ ಡಬ್ಬದ ಪಕ್ಕ. ಐದನೇ ದಿನಕ್ಕೆ ಎರಡೂ ಹುಳಿ ಬಂದಿರುತ್ತವೆ. ಹಿಟ್ಟು ಉತ್ತಪ್ಪಕ್ಕೆ ಹೋಗುತ್ತದೆ, ವೈನ್ ಮಟನ್ ಬೇಯುವ ಕುಕ್ಕರಿಗೆ.